ದೆಹಲಿ, ಜೈಪುರ, ಆಗ್ರಾ ಐತಿಹಾಸಿಕ ನಗರಗಳ ಪ್ರವಾಸ: ಯೋಜನೆ ಮತ್ತು ಪೂರ್ವಸಿದ್ಧತೆ

ಪೀಠಿಕೆ

ದೆಹಲಿ, ಜೈಪುರ ಮತ್ತು ಆಗ್ರಾ ನಗರಗಳು ಭಾರತದ ಇತಿಹಾಸದಲ್ಲಿ ವಿಶಿಷ್ಟ ಸ್ಥಾನ ಪಡೆದಿವೆ. ರಾಜ್ಯದಿಂದ ಪ್ರತಿ ವರ್ಷ ಅನೇಕ ಕುಟುಂಬಗಳು ಈ ನಗರಗಳ ಪ್ರವಾಸ ಕೈಗೊಳ್ಳುತ್ತವೆ. ಹಲವರ ಪಾಲಿಗೆ ಇದು ವರ್ಷಗಳ ಉಳಿತಾಯದಿಂದ ವೃದ್ಧ ತಂದೆ-ತಾಯಿಯರೊಡನೆ ಒಮ್ಮೆ ಮಾತ್ರ ಸಾಧ್ಯವಾಗುವ ಪ್ರಯಾಣ. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿ ಶುಕ್ರವಾರದಂದು ತಾಜ್ ಮಹಲ್‌ನ ಮುಚ್ಚಿದ ಬಾಗಿಲನ್ನು ನೋಡಿ ಹಿಂದಿರುಗುವ ಸ್ಥಿತಿ ಯಾರಿಗೂ ಒದಗಬಾರದು. ಈ ಉದ್ದೇಶದಿಂದ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಪ್ರಮುಖ ಸ್ಥಳಗಳು

ದೆಹಲಿ: ಹುಮಾಯೂನ್ ಸಮಾಧಿ ಮತ್ತು ಕುತುಬ್ ಮಿನಾರ್ ಸಂಕೀರ್ಣಗಳು 1993ರಲ್ಲಿ, ಕೆಂಪು ಕೋಟೆಯು 2007ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕುತುಬ್ ಮಿನಾರ್‌ನ ಎತ್ತರ ಸುಮಾರು 72.5 ಮೀಟರ್. 1981ರ ಕಾಲ್ತುಳಿತ ದುರಂತದ ನಂತರ ಮಿನಾರಿನ ಒಳಗೆ ಹತ್ತಲು ಸಾರ್ವಜನಿಕರಿಗೆ ಅವಕಾಶವಿಲ್ಲ.

ಜೈಪುರ: ಸವಾಯಿ ಜೈಸಿಂಗ್ 1727ರಲ್ಲಿ ಸ್ಥಾಪಿಸಿದ ಈ ನಗರವು ನೇರ ಬೀದಿಗಳ ಯೋಜಿತ ವಿನ್ಯಾಸಕ್ಕೆ ಹೆಸರಾಗಿದೆ. ಜಂತರ್ ಮಂತರ್ ವೀಕ್ಷಣಾಲಯದ ಸಾಮ್ರಾಟ್ ಯಂತ್ರವು ಸುಮಾರು 27 ಮೀಟರ್ ಎತ್ತರದ ಕಲ್ಲಿನ ನೆರಳು ಗಡಿಯಾರವಾಗಿದೆ. 1799ರ ಹವಾ ಮಹಲ್, ನಗರದ ಹೊರವಲಯದ ಆಮೇರ್ ಕೋಟೆ ಇತರ ಮುಖ್ಯ ಸ್ಥಳಗಳು.

ಆಗ್ರಾ: ತಾಜ್ ಮಹಲ್ ಮತ್ತು ಆಗ್ರಾ ಕೋಟೆಗಳು 1983ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸುಮಾರು 37 ಕಿ.ಮೀ. ದೂರದಲ್ಲಿ ಅಕ್ಬರನು ನಿರ್ಮಿಸಿದ ಫತೇಪುರ್ ಸಿಕ್ರಿ ಇದೆ. ನಮ್ಮ ರಾಜ್ಯದ ಹಂಪಿಯಂತೆಯೇ ಇದೂ 1986ರಲ್ಲಿ ಪಟ್ಟಿಗೆ ಸೇರಿತು.

2. ಸೂಕ್ತ ಕಾಲ

ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಅವಧಿ ಪ್ರವಾಸಕ್ಕೆ ಯೋಗ್ಯವಾದುದು. ಆದರೆ ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ದಟ್ಟ ಮಂಜಿನಿಂದಾಗಿ ರೈಲು ಹಾಗೂ ವಿಮಾನಗಳು ಗಂಟೆಗಟ್ಟಲೆ ತಡವಾಗುವುದುಂಟು. ನವೆಂಬರ್‌ನಲ್ಲಿ ದೆಹಲಿಯ ವಾಯುಮಾಲಿನ್ಯ ಹೆಚ್ಚಿರುವುದರಿಂದ ಉಬ್ಬಸ, ಹೃದ್ರೋಗವುಳ್ಳವರು ವೈದ್ಯರ ಸಲಹೆ ಪಡೆಯುವುದು ಒಳಿತು. ಶಾಲಾ ರಜೆಯ ಮೇ ತಿಂಗಳಲ್ಲಿ ಉಷ್ಣಾಂಶವು 45 ಡಿಗ್ರಿ ಸೆಲ್ಸಿಯಸ್ ಸಮೀಪಿಸುವುದರಿಂದ, ಆ ಸಮಯದಲ್ಲಿ ಹೋಗಲೇಬೇಕಾದವರು ಬೆಳಗಿನ ವೇಳೆ ಮಾತ್ರ ಸ್ಮಾರಕಗಳನ್ನು ವೀಕ್ಷಿಸತಕ್ಕದ್ದು. ಫೆಬ್ರವರಿ ತಿಂಗಳು ಹಿರಿಯರಿಗೆ ಅತ್ಯಂತ ಹಿತಕರ.

3. ರಜಾ ದಿನಗಳು

ಪ್ರಯಾಣದ ದಿನಾಂಕ ಗೊತ್ತುಪಡಿಸುವ ಮೊದಲು ಈ ಕೆಳಗಿನವುಗಳನ್ನು ಗಮನಿಸತಕ್ಕದ್ದು.

ಅ) ತಾಜ್ ಮಹಲ್: ಪ್ರತಿ ಶುಕ್ರವಾರ ಪ್ರವಾಸಿಗರಿಗೆ ಪ್ರವೇಶವಿಲ್ಲ.
ಆ) ದೆಹಲಿಯ ಕೆಂಪು ಕೋಟೆ ಮತ್ತು ರಾಷ್ಟ್ರೀಯ ವಸ್ತು ಸಂಗ್ರಹಾಲಯ: ಪ್ರತಿ ಸೋಮವಾರ ಪ್ರವೇಶವಿಲ್ಲ.
ಇ) ಸ್ವಾತಂತ್ರ್ಯ ದಿನಾಚರಣೆಗೆ ಮುಂಚಿನ ದಿನಗಳಲ್ಲಿ ಭದ್ರತೆಯ ಸಲುವಾಗಿ ಕೆಂಪು ಕೋಟೆಯನ್ನು ಮುಚ್ಚಲಾಗುತ್ತದೆ.

4. ಮಾದರಿ ಪ್ರವಾಸ ಕ್ರಮ

ಮೇಲ್ಕಂಡ ರಜಾ ದಿನಗಳಿಗೆ ಹೊಂದುವಂತೆ ಬೆಂಗಳೂರಿನಿಂದ ಹೊರಡುವ ಕುಟುಂಬಕ್ಕೆ ಅನುಕೂಲವಾದ ಕ್ರಮ ಹೀಗಿದೆ:

ಶುಕ್ರವಾರ: ಸಂಜೆ ಕರ್ನಾಟಕ ಎಕ್ಸ್‌ಪ್ರೆಸ್ ರೈಲಿನಲ್ಲಿ ಪ್ರಯಾಣ. ರೈಲಿನಲ್ಲಿ ಎರಡು ರಾತ್ರಿ.
ಭಾನುವಾರ: ದೆಹಲಿ ತಲುಪಿ ವಿಶ್ರಾಂತಿ. ಮಧ್ಯಾಹ್ನದ ನಂತರ ಹುಮಾಯೂನ್ ಸಮಾಧಿ.
ಸೋಮವಾರ: ಕುತುಬ್ ಮಿನಾರ್, ಇಂಡಿಯಾ ಗೇಟ್.
ಮಂಗಳವಾರ: ಬೆಳಿಗ್ಗೆ ಕೆಂಪು ಕೋಟೆ, ಚಾಂದನಿ ಚೌಕ್. ಸಂಜೆ ಜೈಪುರಕ್ಕೆ ಪ್ರಯಾಣ.
ಬುಧವಾರ: ಆಮೇರ್ ಕೋಟೆ, ಹವಾ ಮಹಲ್.
ಗುರುವಾರ: ಜಂತರ್ ಮಂತರ್, ಅರಮನೆ, ಪೇಟೆ ಬೀದಿಗಳು.
ಶುಕ್ರವಾರ: ರಸ್ತೆ ಮಾರ್ಗವಾಗಿ ಆಗ್ರಾಕ್ಕೆ ಸುಮಾರು 240 ಕಿ.ಮೀ. ಮಾರ್ಗದಲ್ಲಿಯೇ ಫತೇಪುರ್ ಸಿಕ್ರಿ ವೀಕ್ಷಣೆ.
ಶನಿವಾರ: ಮುಂಜಾನೆ ತಾಜ್ ಮಹಲ್, ಮಧ್ಯಾಹ್ನ ಆಗ್ರಾ ಕೋಟೆ. ರಾತ್ರಿ ಊರಿಗೆ ಮರುಪ್ರಯಾಣ.

ಕರ್ನಾಟಕ ಎಕ್ಸ್‌ಪ್ರೆಸ್ ಆಗ್ರಾ ಕಂಟೋನ್ಮೆಂಟ್ ನಿಲ್ದಾಣದಲ್ಲಿ ನಿಲ್ಲುವುದರಿಂದ ಮರಳಿ ದೆಹಲಿಗೆ ಹೋಗುವ ಅಗತ್ಯ ಬೀಳುವುದಿಲ್ಲ. ಯಾದಗಿರಿ, ಕಲಬುರಗಿ ಭಾಗದವರೂ ಇದೇ ರೈಲನ್ನು ಬಳಸಬಹುದು. ಈ ಕ್ರಮದಲ್ಲಿ ಪ್ರಯಾಣವು ಒಂದು ದಿನ ತಡವಾದರೂ ತಾಜ್ ಮಹಲ್ ವೀಕ್ಷಣೆ ಭಾನುವಾರಕ್ಕೆ ಬೀಳುವುದೇ ಹೊರತು ಶುಕ್ರವಾರಕ್ಕಲ್ಲ. ಚಳಿಗಾಲದಲ್ಲಿ ಹೋಗುವವರು ಒಂದು ಹೆಚ್ಚುವರಿ ದಿನವನ್ನು ಕಾದಿರಿಸಿಕೊಂಡು, ಅದಕ್ಕೆ ತಕ್ಕಂತೆ ಮರುಪ್ರಯಾಣದ ಟಿಕೆಟ್ ಪಡೆಯುವುದು ಸೂಕ್ತ.

5. ರೈಲು ಟಿಕೆಟ್ ಕಾಯ್ದಿರಿಸುವಿಕೆ

2024ರ ನವೆಂಬರ್ 1ರಿಂದ ರೈಲ್ವೆ ಮುಂಗಡ ಕಾಯ್ದಿರಿಸುವಿಕೆಯ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ. ಹೋಗುವ ಮತ್ತು ಬರುವ ಟಿಕೆಟ್‌ಗಳೆರಡೂ ದೃಢಪಟ್ಟ ನಂತರವೇ ವಸತಿಗೆ ಪೂರ್ಣ ಮುಂಗಡ ಪಾವತಿಸುವುದು ಸುರಕ್ಷಿತ. ಅರ್ಜಿ ನಮೂನೆಯಲ್ಲಿ ಹಿರಿಯರ ವಯಸ್ಸನ್ನು ಸರಿಯಾಗಿ ನಮೂದಿಸಿದಲ್ಲಿ, ಲಭ್ಯತೆಗೆ ಒಳಪಟ್ಟು, ಕೆಳಗಿನ ಬರ್ತ್ ದೊರೆಯುತ್ತದೆ.

6. ಪ್ರವೇಶ ಟಿಕೆಟ್ ಮತ್ತು ದಾಖಲೆಗಳು

ದೆಹಲಿ ಮತ್ತು ಆಗ್ರಾದ ಮೇಲ್ಕಂಡ ಸ್ಮಾರಕಗಳು ಹಂಪಿ, ಪಟ್ಟದಕಲ್ಲುಗಳಂತೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅಧೀನದಲ್ಲಿವೆ. 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ಟಿಕೆಟ್‌ಗಳನ್ನು ಅಂತರಜಾಲದಲ್ಲಿ ಮುಂಗಡವಾಗಿ ಪಡೆಯಬಹುದು. ತಾಜ್ ಮಹಲ್‌ನ ಮುಖ್ಯ ಸಮಾಧಿ ಕಟ್ಟಡವನ್ನು ಪ್ರವೇಶಿಸಲು 2018ರ ಡಿಸೆಂಬರ್‌ನಿಂದ ಪ್ರವೇಶ ಶುಲ್ಕದ ಜೊತೆಗೆ ರೂ. 200ರ ಪ್ರತ್ಯೇಕ ಟಿಕೆಟ್ ಜಾರಿಗೆ ಬಂದಿದೆ. ಟಿಕೆಟ್ ಮೂರು ಗಂಟೆಗಳ ಕಾಲ ಮಾತ್ರ ಊರ್ಜಿತವಾಗಿರುತ್ತದೆ.

ಜೈಪುರದ ಆಮೇರ್, ಹವಾ ಮಹಲ್, ಜಂತರ್ ಮಂತರ್ ಮುಂತಾದವು ರಾಜಸ್ಥಾನ ಸರ್ಕಾರಕ್ಕೆ ಸೇರಿದ್ದು, ಇವುಗಳಿಗೆ ಸಂಯುಕ್ತ ಟಿಕೆಟ್ ಲಭ್ಯವಿದೆ. ನಗರದ ಅರಮನೆಗೆ ಪ್ರತ್ಯೇಕ ಟಿಕೆಟ್ ಪಡೆಯತಕ್ಕದ್ದು. ವಿದ್ಯಾರ್ಥಿಗಳು ಶಾಲಾ ಗುರುತಿನ ಚೀಟಿ ಒಯ್ಯುವುದು ಅಗತ್ಯ.

ಪ್ರತಿಯೊಬ್ಬ ವಯಸ್ಕರೂ ಭಾವಚಿತ್ರವಿರುವ ಗುರುತಿನ ಚೀಟಿಯ ಮೂಲ ಪ್ರತಿಯನ್ನು ಹೊಂದಿರತಕ್ಕದ್ದು. ರಜೆ ಪ್ರಯಾಣ ರಿಯಾಯಿತಿ ಬಯಸುವ ಸರ್ಕಾರಿ ನೌಕರರು ಹೊರಡುವ ಮುನ್ನವೇ ತಮ್ಮ ಕಚೇರಿಯ ಮಂಜೂರಾತಿ ಪಡೆದು, ಟಿಕೆಟ್‌ಗಳನ್ನು ಜೋಪಾನವಾಗಿರಿಸಿಕೊಳ್ಳುವುದು.

7. ಹಿರಿಯ ನಾಗರಿಕರ ಬಗ್ಗೆ

ತಾಜ್ ಮಹಲ್ ಬಾಗಿಲು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ತೆರೆಯುತ್ತದೆ. ಜನಸಂದಣಿ ಮತ್ತು ಬಿಸಿಲು ಏರುವ ಮುನ್ನ ವೀಕ್ಷಿಸುವುದು ಹಿರಿಯರಿಗೆ ಸುಲಭ. ಸ್ಮಾರಕದ ಬಳಿಗೆ ಪೆಟ್ರೋಲ್, ಡೀಸೆಲ್ ವಾಹನಗಳಿಗೆ ಅವಕಾಶವಿಲ್ಲದ ಕಾರಣ, ಕೊನೆಯ ಹಂತದಲ್ಲಿ ಬ್ಯಾಟರಿ ಚಾಲಿತ ವಾಹನ ಬಳಸಬೇಕಾಗುತ್ತದೆ. ಆಮೇರ್ ಕೋಟೆಯ ಏರುದಾರಿ ಕಡಿದಾಗಿದ್ದು, ನಡೆಯಲಾಗದವರು ಜೀಪಿನಲ್ಲಿ ತೆರಳಬಹುದು. ದಿನವೊಂದಕ್ಕೆ ಎರಡಕ್ಕಿಂತ ಹೆಚ್ಚು ದೊಡ್ಡ ಸ್ಮಾರಕಗಳನ್ನು ಇರಿಸಿಕೊಳ್ಳದಿರುವುದು ಲೇಸು. ಪ್ರತಿನಿತ್ಯದ ಔಷಧಗಳನ್ನು ನಾಲ್ಕು ದಿನಗಳಿಗೆ ಹೆಚ್ಚುವರಿಯಾಗಿ, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿಯೇ ಇಟ್ಟುಕೊಳ್ಳತಕ್ಕದ್ದು.

8. ಎಚ್ಚರಿಕೆಗಳು

ಅ) ಅಧಿಕೃತ ಗುರುತಿನ ಚೀಟಿ ಧರಿಸಿದ ಮಾರ್ಗದರ್ಶಿಗಳನ್ನು ಮಾತ್ರ ನೇಮಿಸಿಕೊಂಡು, ಸಂಭಾವನೆಯನ್ನು ಮೊದಲೇ ನಿಗದಿಪಡಿಸಿಕೊಳ್ಳುವುದು.
ಆ) "ಇಂದು ಸ್ಮಾರಕ ಮುಚ್ಚಿದೆ" ಎಂದು ಹೇಳಿ ಅಂಗಡಿಗಳಿಗೆ ಕರೆದೊಯ್ಯುವವರ ಮಾತನ್ನು ಟಿಕೆಟ್ ಕೌಂಟರಿನಲ್ಲಿ ವಿಚಾರಿಸದೆ ನಂಬಬಾರದು.
ಇ) ತಾಜ್ ಮಹಲ್ ಒಳಗೆ ದೊಡ್ಡ ಚೀಲ, ತಿಂಡಿ ತಿನಿಸು, ತಂಬಾಕು ಪದಾರ್ಥಗಳನ್ನು ಒಯ್ಯುವಂತಿಲ್ಲ. ಮುಖ್ಯ ಸಮಾಧಿಯೊಳಗೆ ಛಾಯಾಗ್ರಹಣ ನಿಷಿದ್ಧ.
ಈ) ತಂಡದ ಪ್ರತಿಯೊಬ್ಬರ ಬಳಿಯೂ, ವಿಶೇಷವಾಗಿ ಕನ್ನಡವನ್ನಷ್ಟೇ ಬಲ್ಲ ಹಿರಿಯರು ಮತ್ತು ಮಕ್ಕಳ ಬಳಿ, ವಸತಿಗೃಹದ ವಿಳಾಸ ಹಾಗೂ ಸಂಬಂಧಿಕರ ದೂರವಾಣಿ ಸಂಖ್ಯೆಯನ್ನು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಬರೆದ ಚೀಟಿ ಇರತಕ್ಕದ್ದು.

9. ಸಹಾಯವಾಣಿಗಳು

ಪ್ರವಾಸಿ ಸಹಾಯವಾಣಿ: 1363
ರೈಲ್ವೆ ಸಹಾಯವಾಣಿ: 139
ತುರ್ತು ಸೇವೆ: 112

ಪ್ರವೇಶ ಶುಲ್ಕ, ಸಮಯ ಮತ್ತು ರೈಲು ವೇಳಾಪಟ್ಟಿ ಬದಲಾವಣೆಗೆ ಒಳಪಟ್ಟಿರುತ್ತವೆ. ಹೊರಡುವ ವಾರದಲ್ಲಿ ಇವುಗಳನ್ನು ಮತ್ತೊಮ್ಮೆ ಖಚಿತಪಡಿಸಿಕೊಳ್ಳಲು ಸಾರ್ವಜನಿಕರನ್ನು ಕೋರಲಾಗಿದೆ.