ಬೆಂಗಳೂರಿನ ಪಡುವಣ ಗಿರಣಿಗಳೂ ಕಾರ್ಮಿಕರ ವಿದ್ಯಾಭ್ಯಾಸವೂ

ಒಂದು ಊರಿನ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅಲ್ಲಿಯ ಪಾಠಶಾಲೆಗಳನ್ನೂ ಕಾಲೇಜುಗಳನ್ನೂ ಎಣಿಸಿ ತೃಪ್ತರಾಗುವರು. ಹಗಲೆಲ್ಲ ಯಂತ್ರದ ಮುಂದೆ ನಿಂತು ದುಡಿದವನು ಸಂಜೆ ಎಲ್ಲಿ ಕುಳಿತು ಏನನ್ನು ಕಲಿತನೆಂಬ ಪ್ರಶ್ನೆಯು ಅವರಿಗೆ ಹೊಳೆಯುವುದು ಅಪರೂಪ. ಬೆಂಗಳೂರಿನ ಪಡುವಣ ಭಾಗದ ಮಟ್ಟಿಗಾದರೋ ಈ ಪ್ರಶ್ನೆಯನ್ನು ಬಿಟ್ಟು ಬರೆದ ಚರಿತ್ರೆಯು ಅರ್ಧ ಚರಿತ್ರೆಯೇ ಸರಿ. ಆ ಭಾಗವನ್ನು ಬೆಳೆಯಿಸಿದವರು ಮೊದಲು ಗಿರಣಿಯವರು. ಬಡಾವಣೆಗಳು ಬಂದದ್ದು ಅನಂತರ.

ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯು 1884ರಲ್ಲಿ ಸ್ಥಾಪಿತವಾಗಿ, ಸ್ವಲ್ಪ ಕಾಲದಲ್ಲಿಯೇ ಮದ್ರಾಸಿನ ಬಿನ್ನಿ ಕಂಪೆನಿಯ ಆಡಳಿತಕ್ಕೆ ಒಳಪಟ್ಟಿತು. ಜನರು ಅದನ್ನು ಬಿನ್ನಿ ಮಿಲ್ಲೆಂದೇ ಕರೆದರು. ಅದರ ಸುತ್ತಣ ಪೇಟೆಗೂ ರಸ್ತೆಗೂ ಅದೇ ಹೆಸರು ನಿಂತಿತು. ಮಾಗಡಿ ರಸ್ತೆಯ ಕಡೆಗೆ ಮಿನರ್ವ ಮಿಲ್ಲು, ಮಲ್ಲೇಶ್ವರದ ಅಂಚಿನಲ್ಲಿ ರಾಜಾ ಮಿಲ್ಲು ಎದ್ದವು. 1949ರಲ್ಲಿ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರ್ಯರ ಹೆಸರಿನಲ್ಲಿ ರಾಜಾಜಿನಗರವು ಕೈಗಾರಿಕೆಯ ಉಪನಗರವಾಗಿ ಹುಟ್ಟಿತು. ಈ ಕಾರಖಾನೆಗಳಿಗೆ ಹಳ್ಳಿಯಿಂದ ಬಂದ ಜನರಲ್ಲಿ ಅನೇಕರು ಹೆಬ್ಬೆಟ್ಟಿನ ಗುರುತು ಹಾಕಿ ಸಂಬಳ ಪಡೆಯುತ್ತಿದ್ದವರು. ಅವರಿಗೆ ಕೈಚಳಕವಿತ್ತು, ಒಗ್ಗಟ್ಟಿತ್ತು, ಕಷ್ಟವನ್ನು ಸಹಿಸುವ ಧೈರ್ಯವೂ ಇತ್ತು. ಗಿರಣಿಯ ಗೋಡೆಗೆ ಅಂಟಿಸಿದ ನೋಟೀಸನ್ನು ಓದುವ ಶಕ್ತಿ ಮಾತ್ರ ಇರಲಿಲ್ಲ.

ಈ ಒಂದು ಕೊರತೆಯಿಂದಲೇ ಕಾರ್ಮಿಕ ಸಂಘಗಳ ಸ್ವರೂಪವು ನಿರ್ಧಾರವಾಯಿತು. 1918ರ ಏಪ್ರಿಲ್‌ನಲ್ಲಿ ಬಿನ್ನಿಯವರದೇ ಆದ ಮದ್ರಾಸಿನ ಗಿರಣಿಗಳ ಕೆಲಸಗಾರರು ಮದ್ರಾಸ್ ಲೇಬರ್ ಯೂನಿಯನ್ ಎಂಬ ಸಂಘವನ್ನು ಕಟ್ಟಿಕೊಂಡರು. ಅದಕ್ಕೆ ಅಧ್ಯಕ್ಷರಾದ ಬಿ. ಪಿ. ವಾಡಿಯಾ ಅವರು ಥಿಯಾಸಫಿ ಪಂಥದ ವಿದ್ವಾಂಸರೇ ಹೊರತು ಗಿರಣಿಯ ಕೆಲಸದವರಲ್ಲ. ಕಂಪೆನಿಯು ನ್ಯಾಯಾಲಯಕ್ಕೆ ಹೋಗಿ ಸಂಘದ ಮುಂದಾಳುಗಳ ಮೇಲೆ ತಡೆಯಾಜ್ಞೆಯನ್ನು ತಂದಾಗ, ಕೂಲಿಯ ಜಗಳವು ಕಾನೂನಿನ ಜಗಳವಾಯಿತು, ಕಾನೂನು ಇಂಗ್ಲಿಷಿನಲ್ಲಿತ್ತು. ಆ ಮೊಕದ್ದಮೆಯ ಫಲವಾಗಿ ಎದ್ದ ಚರ್ಚೆಯು 1926ರ ಕಾರ್ಮಿಕ ಸಂಘಗಳ ಶಾಸನದಲ್ಲಿ ಮುಗಿಯಿತು. ಸಂಘದ ಅಧಿಕಾರಿಗಳಲ್ಲಿ ಕಡಮೆಯೆಂದರೆ ಅರ್ಧದಷ್ಟು ಮಂದಿ ಆ ಉದ್ಯಮದಲ್ಲಿ ನಿಜವಾಗಿ ದುಡಿಯುವವರಾಗಿರಬೇಕೆಂದು ಆ ಶಾಸನವು ವಿಧಿಸಿತು. ಉಳಿದರ್ಧವು ಹೊರಗಿನವರಿಗೆ ತೆರೆದೇ ಇತ್ತು. ಬೇರೆ ಮಾರ್ಗವೂ ಇರಲಿಲ್ಲ.

ಮೈಸೂರು ದೇಶೀಯ ಸಂಸ್ಥಾನವಾದುದರಿಂದ ಈ ಶಾಸನವು ಇಲ್ಲಿಗೆ ಅನ್ವಯಿಸಲಿಲ್ಲ. ಇಲ್ಲಿಯ ಸಂಘಗಳಿಗೆ ಕಾನೂನಿನ ಮಾನ್ಯತೆ ದೊರೆತದ್ದು 1941ರ ತುರ್ತು ಶಾಸನದಿಂದಲೂ 1942ರ ಮೈಸೂರು ಲೇಬರ್ ಆಕ್ಟಿನಿಂದಲೂ. ಬೆಂಗಳೂರಿನ ಗಿರಣಿ ಕೆಲಸಗಾರರ ಪಕ್ಷವಾಗಿ ಬಹುಕಾಲ ಮಾತನಾಡಿದ ಕೆ. ಟಿ. ಭಾಷ್ಯಂ ಅವರು ವಕೀಲರು. 1947ರಲ್ಲಿ ಜವಾಬ್ದಾರಿ ಸರ್ಕಾರವು ಬಂದಾಗ ಅವರು ಮಂತ್ರಿಮಂಡಲವನ್ನು ಸೇರಿದರು. ಇಂತಹ ಹೊರಗಿನ ಮುಂದಾಳುಗಳ ಉಪಕಾರವು ಸಣ್ಣದಲ್ಲ. ಆದರೆ ಮುಂದಾಳು ಸೆರೆಮನೆಗೆ ಹೋದರೆ, ಮಂತ್ರಿಯಾದರೆ, ಇಲ್ಲವೆ ಬೇರೊಂದು ಪಕ್ಷಕ್ಕೆ ಸೇರಿದರೆ ಸಂಘದ ಗತಿಯೇನು? ಹಗ್ಗವನ್ನು ಒಬ್ಬನೇ ಹಿಡಿದಿದ್ದರೆ ಅವನ ಕೈ ಸಡಿಲವಾದಾಗ ಕೊಡವು ಬಾವಿಯ ಪಾಲಾಗುವುದು.

ಅಕ್ಷರದ ಕೆಲಸಕ್ಕೆ ಮೈಸೂರಿನಲ್ಲಿ ಅಡಿಪಾಯವು ಹಾಕಲ್ಪಟ್ಟಿತ್ತೆಂಬುದನ್ನು ಇಲ್ಲಿ ನೆನೆಯಬೇಕು. 1940ರ ದಶಕದಲ್ಲಿ ಬೆಳೆದ ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿಯು ರಾತ್ರಿಯ ತರಗತಿಗಳನ್ನು ನಡೆಸಿತು. ಹೊಸದಾಗಿ ಓದು ಕಲಿತವರು ಅದನ್ನು ಮರೆಯದಿರಲೆಂದು ‘ಬೆಳಕು’ ಎಂಬ ವಾರಪತ್ರಿಕೆಯನ್ನೂ ‘ಪುಸ್ತಕ ಪ್ರಪಂಚ’ ಎಂಬ ಮಾಸಪತ್ರಿಕೆಯನ್ನೂ ಹೊರಡಿಸಿತು. ಆದರೆ ಅಕ್ಷರವು ಬಾಗಿಲೇ ಹೊರತು ಮನೆಯಲ್ಲ. ಸ್ವಾತಂತ್ರ್ಯದ ಒಂದೆರಡು ವರ್ಷಗಳಲ್ಲಿಯೇ ಕಾರ್ಮಿಕನ ಸುತ್ತ ಶಾಸನಗಳ ಒಂದು ಕೋಟೆಯು ಎದ್ದಿತು: 1947ರ ಕೈಗಾರಿಕಾ ವಿವಾದಗಳ ಶಾಸನ, 1948ರ ಕಾರಖಾನೆಗಳ ಶಾಸನ, ಅದೇ ವರ್ಷದ ಕನಿಷ್ಠ ವೇತನದ ಶಾಸನ ಮತ್ತು ರಾಜ್ಯ ವಿಮಾ ಶಾಸನ. ನೂರು ಮಂದಿಗೆ ಕಡಮೆಯಿಲ್ಲದ ಕಾರಖಾನೆಗಳಲ್ಲಿ ಮಾಲೀಕರೂ ಕೆಲಸಗಾರರೂ ಸರಿಸಮವಾಗಿ ಕೂರುವ ಸಮಿತಿಯನ್ನು ಸರ್ಕಾರವು ಏರ್ಪಡಿಸಬಹುದಾಯಿತು. ಕುರ್ಚಿಯೇನೋ ದೊರೆಯಿತು, ಅದರಲ್ಲಿ ಕುಳಿತು ಆಡಬೇಕಾದ ಮಾತನ್ನು ಯಾರೂ ಕಲಿಸಿರಲಿಲ್ಲ.

ಈ ಕೊರತೆಯನ್ನು ತುಂಬಲು ಭಾರತ ಸರ್ಕಾರದವರು 1957ರಲ್ಲಿ ತಜ್ಞರಿಂದ ವಿಚಾರಣೆ ಮಾಡಿಸಿ, 1958ರಲ್ಲಿ ಕೇಂದ್ರ ಕಾರ್ಮಿಕ ಶಿಕ್ಷಣ ಮಂಡಲಿಯನ್ನು ನಾಗಪುರದಲ್ಲಿ ಸ್ಥಾಪಿಸಿದರು. ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಎಲ್ಲರ ಪ್ರತಿನಿಧಿಗಳೂ ಅದರಲ್ಲಿದ್ದರು. ಮದ್ರಾಸಿನ ಸಂಘವನ್ನು ಕಟ್ಟಿದ ವಾಡಿಯಾ ಅವರು ಕಡೆಗಾಲದಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ಪುಸ್ತಕಾಲಯ ಸಹಿತವಾದ ಒಂದು ಸಂಸ್ಕೃತಿ ಸಂಸ್ಥೆಯನ್ನು ಬೆಳೆಯಿಸಿ ತೀರಿಕೊಂಡದ್ದೂ ಅದೇ 1958ರಲ್ಲಿ.

ಮಂಡಲಿಯ ಯೋಜನೆಯು ಮೂರು ಮೆಟ್ಟಿಲಿನದು. ಮೊದಲು ಶಿಕ್ಷಣಾಧಿಕಾರಿಗಳು ತರಬೇತು ಹೊಂದುವರು. ಅವರು ಪ್ರಾಂತೀಯ ಕೇಂದ್ರಗಳಲ್ಲಿ, ಸಂಘಗಳು ಸೂಚಿಸಿದ ಕೆಲಸಗಾರರಿಗೆ ಪಾಠ ಹೇಳುವರು. ಆರಂಭದಲ್ಲಿ ಈ ತರಬೇತಿಗೆ ಮೂರು ತಿಂಗಳು ಹಿಡಿಯುತ್ತಿತ್ತು. ಹಾಗೆ ಕಲಿತವನಿಗೆ ‘ಕಾರ್ಮಿಕ ಶಿಕ್ಷಕ’ನೆಂದು ಹೆಸರು. ಅವನು ಮರಳಿ ತನ್ನ ಕಾರಖಾನೆಗೇ ಬಂದು, ತನ್ನ ಜತೆಯವರಿಗೆ ತಾಯ್ನುಡಿಯಲ್ಲಿ ಪಾಠ ಹೇಳುವನು. ಸಂಘದ ಲೆಕ್ಕವನ್ನು ಇಡುವುದು ಹೇಗೆ, ಸಭೆಯ ನಡವಳಿಯನ್ನು ಬರೆಯುವುದು ಹೇಗೆ, ಅಹವಾಲನ್ನು ಯಾರಿಗೆ ಯಾವ ಕ್ರಮದಲ್ಲಿ ಸಲ್ಲಿಸಬೇಕು, ಒಪ್ಪಂದದ ಒಂದೊಂದು ಕಲಮಿನ ಅರ್ಥವೇನು, ಇವೇ ಪಾಠದ ವಿಷಯಗಳು. ಈ ಯೋಜನೆಯ ಹೆಚ್ಚಳವಿರುವುದು ಮೂರನೆಯ ಮೆಟ್ಟಿಲಿನಲ್ಲಿ. ಮಗ್ಗದ ಪಕ್ಕದಲ್ಲಿ ದಿನವೂ ನಿಲ್ಲುವವನೇ ಉಪಾಧ್ಯಾಯನಾದರೆ ಕೇಳುವವನಿಗೆ ಸಂಕೋಚವಿಲ್ಲ. ತಿಳಿಯದಿದ್ದರೆ ‘ಇನ್ನೊಂದು ಸಲ ಹೇಳಣ್ಣ’ ಎನ್ನಬಹುದು.

ಆಕ್ಷೇಪಣೆಯು ಇಲ್ಲದಿರಲಿಲ್ಲ. ಸರ್ಕಾರದ ಹಣದಲ್ಲಿ, ಮಾಲೀಕನು ಕೊಟ್ಟ ರಜದಲ್ಲಿ ಕಲಿತವನು ಅವರಿಬ್ಬರನ್ನೂ ಎದುರಿಸಿ ನಿಲ್ಲಬಲ್ಲನೆ? ಇಂಗ್ಲೆಂಡಿನಲ್ಲಿ 1903ರಲ್ಲಿ ಹುಟ್ಟಿದ ಕಾರ್ಮಿಕರ ಶಿಕ್ಷಣ ಸಂಘವು ಸರ್ಕಾರದ ಇಲಾಖೆಯಾಗಿರದೆ, ಕಾರ್ಮಿಕ ಸಂಘಗಳೂ ಸಹಕಾರ ಸಂಘಗಳೂ ವಿಶ್ವವಿದ್ಯಾನಿಲಯಗಳೂ ಕೈಗೂಡಿಸಿದುದರಿಂದ ಬೆಳೆದಿತ್ತು. ಇಲ್ಲಿಯೂ ಶಿಕ್ಷಣವು ಕಡೆಗೆ ಸಂಘಗಳ ಕೈಗೇ ಬರಬೇಕೆಂಬುದು ಆಕ್ಷೇಪಿಸಿದವರ ವಾದ. ಮಂಡಲಿಯು ಸಂಘಗಳಿಗೆ ಸಹಾಯಧನವನ್ನು ಕೊಡುತ್ತಿದ್ದುದೂ ಉಂಟು. ಆದರೆ ಚಂದಾ ವಸೂಲಿಗೇ ಕಷ್ಟಪಡುವ ಸಂಘಕ್ಕೆ ಪಾಠಶಾಲೆಯನ್ನು ನಡೆಸುವ ಚೈತನ್ಯವು ಎಲ್ಲಿಂದ ಬರಬೇಕು? ಆದುದರಿಂದ ಆ ವಾದವು ಸರಿಯಾದುದಾದರೂ ಕೈಗೂಡುವುದು ಕಷ್ಟವಾಯಿತು.

ಪಡುವಣ ಭಾಗದ ಒಂದು ಗಿರಣಿಯ ಹೆಸರು ದೇಶದ ಕಾನೂನಿನ ಚರಿತ್ರೆಯಲ್ಲಿ ಶಾಶ್ವತವಾಗಿ ಉಳಿದಿದೆ. ಮಿನರ್ವ ಮಿಲ್ಲಿನ ಆಡಳಿತವನ್ನು ಕೇಂದ್ರ ಸರ್ಕಾರವು 1971ರಲ್ಲಿ ವಹಿಸಿಕೊಂಡಿತು. 1974ರ ಶಾಸನದಂತೆ ಗಿರಣಿಯು ರಾಷ್ಟ್ರದ ಸ್ವತ್ತಾಯಿತು. ಇದರ ಮೇಲೆ ನಡೆದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1980ರಲ್ಲಿ, ಸಂವಿಧಾನದ ನಲವತ್ತೆರಡನೆಯ ತಿದ್ದುಪಡಿಯ ಎರಡು ಭಾಗಗಳನ್ನು ಅನೂರ್ಜಿತವೆಂದು ಸಾರಿತು. ಅದೇ ತಿದ್ದುಪಡಿಯಿಂದ ಬಂದ ಇನ್ನೊಂದು ವಿಧಿಯು ಹಾಗೆಯೇ ಉಳಿಯಿತು. ಉದ್ಯಮದ ಆಡಳಿತದಲ್ಲಿ ಕೆಲಸಗಾರರು ಭಾಗವಹಿಸುವಂತೆ ರಾಜ್ಯವು ಕ್ರಮ ಕೈಗೊಳ್ಳಬೇಕೆಂಬ 43ಎ ವಿಧಿಯೇ ಅದು. ತೀರ್ಪನ್ನು ಓದಿದವರು ಬಹಳ. ಉಳಿದ ವಿಧಿಯನ್ನು ನೆನೆದವರು ಕಡಮೆ. ಲೆಕ್ಕಪತ್ರವನ್ನು ಓದಲಾರದವನಿಗೆ ಆಡಳಿತದಲ್ಲಿ ಪಾಲು ಕೊಟ್ಟರೆ ಅದು ಬರಿಯ ಗೌರವ ಮಾತ್ರ. ಆದುದರಿಂದ ಆ ವಿಧಿಯ ಜೀವವಿರುವುದು ಕಾರ್ಮಿಕ ಶಿಕ್ಷಕನ ಸಂಜೆಯ ತರಗತಿಯಲ್ಲಿ.

ಕಾಲವು ಬದಲಾಯಿತು. ಹಳೆಯ ಬಟ್ಟೆಗಿರಣಿಗಳು ಒಂದೊಂದಾಗಿ ನಿಂತವು; ರಾಜಾ ಮಿಲ್ಲಿನ ನೆಲದಲ್ಲಿ ಈಗ ದೊಡ್ಡದೊಂದು ಅಂಗಡಿಗಳ ಸಂಕೀರ್ಣವಿದೆ. 2001ರ ತಿದ್ದುಪಡಿಯು ಸಂಘಗಳಲ್ಲಿ ಹೊರಗಿನ ಅಧಿಕಾರಿಗಳ ಪಾಲನ್ನು ಇನ್ನೂ ಕಡಮೆ ಮಾಡಿತು. ಒಳಗಿನ ಮುಂದಾಳುಗಳು ಬೇಕೆಂದು ಶಾಸನವು ಹೇಳಿದಷ್ಟು ಬೇಗನೆ ಅವರು ತಯಾರಾಗಲಿಲ್ಲ. ಮೈಸೂರು ರಸ್ತೆ, ಪೀಣ್ಯಗಳ ಕಡೆ ಸಿದ್ಧ ಉಡುಪಿನ ಕಾರಖಾನೆಗಳು ಬಂದವು. ಅಲ್ಲಿ ದುಡಿಯುವವರಲ್ಲಿ ಬಹುಮಂದಿ ಹೆಂಗಸರು, ಸಂಘಕ್ಕೆ ಸೇರಿದವರು ಸ್ವಲ್ಪ ಮಂದಿ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಭವಿಷ್ಯನಿಧಿಯನ್ನು ಹಿಂದೆಗೆಯುವ ನಿಯಮವನ್ನು ಬಿಗಿಮಾಡಿತು. ಮಾಲೀಕನು ಕಟ್ಟಿದ ಪಾಲು 58ನೆಯ ವಯಸ್ಸಿನವರೆಗೆ ಕೈಗೆ ಬಾರದೆಂದಾಯಿತು. ಏಪ್ರಿಲ್ 18 ಮತ್ತು 19ರಂದು ಈ ಹೆಂಗಸರು ಯಾವ ದೊಡ್ಡ ಮುಂದಾಳುವಿನ ಕರೆಗೂ ಕಾಯದೆ ಬೆಂಗಳೂರಿನ ಹೆದ್ದಾರಿಗಳಿಗೆ ಇಳಿದರು. 19ರಂದೇ ಸರ್ಕಾರವು ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು.

ಈ ಜಯದಲ್ಲಿ ಸಂತೋಷವೂ ಇದೆ, ಚಿಂತೆಯೂ ಇದೆ. ನೋಟೀಸಿನ ಅರ್ಥವು ತಮ್ಮ ಬಾಳಿಗೆ ಏನೆಂಬುದನ್ನು ಅವರು ಬೇಗನೆ ಗ್ರಹಿಸಿದರು. ನೂರು ವರ್ಷಗಳ ಹಿಂದಣ ಹೆಬ್ಬೆಟ್ಟಿನ ಕಾಲಕ್ಕೂ ಇಂದಿಗೂ ಇರುವ ಅಂತರವು ಇದರಿಂದ ತಿಳಿಯುವುದು. ಆದರೆ ನಿಯಮವು ಹೊರಟದ್ದು ಫೆಬ್ರವರಿಯಲ್ಲಿ, ದನಿಯೆದ್ದದ್ದು ಏಪ್ರಿಲಿನಲ್ಲಿ. ನಡುವಣ ಎರಡು ತಿಂಗಳಲ್ಲಿ ಅವರ ಪರವಾಗಿ ಮಾತುಕತೆಗೆ ಕೂರಬಲ್ಲ ಸಂಘವಿದ್ದಿದ್ದರೆ, ಬೀದಿಯಲ್ಲಿ ಲಾಠಿಯ ಏಟು ಬೀಳುವ ಪ್ರಸಂಗವೇ ಬರುತ್ತಿರಲಿಲ್ಲವೇನೋ. ಅಂತಹ ಸಂಘವು ಹುಟ್ಟುವುದು ಭಾಷಣದಿಂದಲ್ಲ. ಕೆಲಸ ಮುಗಿಸಿದ ಹತ್ತಾರು ಮಂದಿ, ತಮ್ಮಲ್ಲೇ ಒಬ್ಬರು ಓದಿ ಹೇಳುವುದನ್ನು ಕೇಳುತ್ತ ಒಂದು ಗಂಟೆ ಕೂರುವ ಆ ಹಳೆಯ ಅಭ್ಯಾಸದಿಂದಲೇ ಅದು ಹುಟ್ಟಬೇಕು.