ಕಪ್ಪೆಗೊಂದು ಏಣಿ

ಬ್ರಿಟನ್ನಿನ ರಸ್ತೆಗಳ ಚರಿತ್ರೆ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಚರಂಡಿ ಗುಂಡಿ. ಮಳೆನೀರಿನ ಹೂಳು ಕೊಳವೆಗೆ ಇಳಿಯದಿರಲೆಂದು 19ನೆಯ ಶತಮಾನದ ಎಂಜಿನಿಯರರು ರಸ್ತೆಯಂಚಿನಲ್ಲಿ ಗುಂಡಿ ಕೂರಿಸಿ, ಮೇಲೆ ಕಬ್ಬಿಣದ ಜಾಲರಿ ಹಾಕಿದರು. ಅವರ ಲೆಕ್ಕದಲ್ಲಿ ಕಪ್ಪೆ ಇರಲಿಲ್ಲ. ವಸಂತದ ಒದ್ದೆ ರಾತ್ರಿ ಸಂತಾನಕ್ಕೆಂದು ಕೊಳದತ್ತ ಹೊರಟ ನೆಲಗಪ್ಪೆ ಅಂಚುಗಲ್ಲು ಹತ್ತಲಾರದೆ, ಅದರ ಬುಡದಲ್ಲೇ ಸಾಗಿ ಜಾಲರಿಯೊಳಗೆ ಬೀಳುತ್ತದೆ. ಗೋಡೆ ನುಣುಪು, ಮರಳಿ ಬರಲಾಗದು.

1987ರಲ್ಲಿ ಇಂಗ್ಲೆಂಡಿನ ಹ್ಯಾಂಬಲ್ಡೆನ್ ಬಳಿ ರಸ್ತೆಯಡಿ ಕಪ್ಪೆಗಳಿಗೆಂದೇ ಸುರಂಗ ತೆರೆದರು. ಅದು ವಾಹನದ ಗಾಲಿಯಿಂದ ಕಾಯಿತು, ಗುಂಡಿಯಿಂದಲ್ಲ. ಗುಂಡಿಗೆ ಪರಿಹಾರ ಬಂದದ್ದು ಆಮೇಲೆ: ಬಿದ್ದದ್ದು ಹತ್ತಿ ಬರಲು ಲೋಹದ ಬಲೆಯ ಏಣಿ, ಬೀಳದೆ ಪಕ್ಕದಲ್ಲಿ ಸಾಗಲು ಒಳಕ್ಕೆ ಕಚ್ಚು ಕೊಟ್ಟ ಅಂಚುಗಲ್ಲು. ನೀರು ಮೊದಲಿನಂತೆಯೇ ಹರಿಯುತ್ತದೆ. ಇಷ್ಟು ಸಣ್ಣ ತಿದ್ದುಪಡಿಗೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.