ಕತ್ತಲೆಯ ಕಾಲದಲ್ಲಿ ಕೀರ್ತನೆಗಳು



ಧರ್ಮಕೇಂದ್ರವೊಂದು ನೂರು ವರ್ಷಗಳನ್ನು ಪೂರೈಸಿದಾಗ ಅದರ ಕಟ್ಟಡ, ಗಂಟೆ, ಶಾಲೆ, ಸೇವೆ ಸಲ್ಲಿಸಿದ ಗುರುಗಳು ಮತ್ತು ಕನ್ಯಾಸ್ತ್ರೀಯರು ಇವೆಲ್ಲವನ್ನೂ ಸ್ಮರಿಸುವುದು ವಾಡಿಕೆ. ಅದು ಯೋಗ್ಯವೂ ಹೌದು. ಆದರೆ ಗೋಡೆಗಳಿಗಿಂತ ಹಳೆಯದಾದ ಇನ್ನೊಂದು ಇತಿಹಾಸವುಂಟು. ಈ ನೆಲದ ಜನರು ಕಷ್ಟಕಾಲಗಳನ್ನು ಹೇಗೆ ದಾಟಿದರು, ಯಾವ ಮಾತುಗಳಿಂದ ದೇವರನ್ನು ಕೂಗಿದರು, ಆ ಕೂಗಿಗೆ ದೇವರು ನಿಷ್ಠರಾಗಿ ಉಳಿದರೆಂದು ನಾವು ಯಾವ ಧೈರ್ಯದಿಂದ ಹೇಳುತ್ತೇವೆ ಎಂಬುದೇ ಆ ಇತಿಹಾಸ. ಅದನ್ನು ಪವಿತ್ರ ಗ್ರಂಥದ ಕೀರ್ತನೆಗಳ ಬೆಳಕಿನಲ್ಲಿ ಅವಲೋಕಿಸುವುದು ಈ ಲೇಖನದ ಉದ್ದೇಶ.

ಕೀರ್ತನೆ ಎಂಬ ಶಬ್ದವೇ ಕನ್ನಡಿಗರಿಗೆ ಆಪ್ತವಾದುದು. ಹರಿದಾಸರು ಅದನ್ನು ಮನೆಮನೆಗೆ ಮುಟ್ಟಿಸಿದರು. ಕ್ರೈಸ್ತರು ಅದೇ ಹೆಸರನ್ನು ಇಸ್ರಯೇಲಿನ ನೂರೈವತ್ತು ಗೀತೆಗಳಿಗೆ ಇಟ್ಟುಕೊಂಡರು. ಹೀಬ್ರೂ ಭಾಷೆಯಲ್ಲಿ ಈ ಗ್ರಂಥಕ್ಕೆ 'ತೆಹಿಲ್ಲೀಮ್' ಎಂದು ಹೆಸರು, ಸ್ತುತಿಗಳು ಎಂದರ್ಥ. ಆಶ್ಚರ್ಯದ ಸಂಗತಿಯೆಂದರೆ ಈ ಸ್ತುತಿಗಳ ಸಂಗ್ರಹದಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕು ಪ್ರಲಾಪಗಳೇ ಇವೆ. ರೋಗಿಯ ನರಳಾಟ, ಸೆರೆಯಾಳಿನ ಮೊರೆ, ಮಿತ್ರದ್ರೋಹಕ್ಕೆ ಗುರಿಯಾದವನ ಬೇಗುದಿ, ಊರು ಸುಟ್ಟುಹೋದವರ ಗೋಳು ಇವೆಲ್ಲವನ್ನೂ ಪೂರ್ವಿಕರು ಸ್ತುತಿಯೆಂದೇ ಕರೆದರು. ದೇವರ ಮುಂದೆ ಅಳುವವನು ದೇವರನ್ನು ಬಿಟ್ಟು ಹೋದವನಲ್ಲ ಎಂಬ ಅರಿವು ಈ ಹೆಸರಿನಲ್ಲಿಯೇ ಅಡಗಿದೆ.

ಈ ಪ್ರಲಾಪಗಳ ಹಿಂದೆ ನಿಜವಾದ ಚರಿತ್ರೆಯಿದೆ. ಕ್ರಿಸ್ತಪೂರ್ವ 587ರ ಸುಮಾರಿಗೆ ಬಾಬಿಲೋನಿಯದ ಸೈನ್ಯವು ಜೆರುಸಲೇಮನ್ನು ಹಿಡಿದು, ಸೊಲೊಮೋನನು ಕಟ್ಟಿಸಿದ ಮಹಾದೇವಾಲಯವನ್ನು ಸುಟ್ಟು, ಜನರನ್ನು ಸೆರೆಯಾಗಿ ಒಯ್ದಿತು. ದಾವೀದನ ಸಿಂಹಾಸನ ಶಾಶ್ವತವೆಂಬ ವಾಗ್ದಾನವನ್ನು ನಂಬಿದ್ದ ಜನಾಂಗಕ್ಕೆ ಸಿಂಹಾಸನವೂ ಇಲ್ಲ, ದೇವಾಲಯವೂ ಇಲ್ಲವಾಯಿತು. ಎಂಬತ್ತೊಂಬತ್ತನೆಯ ಕೀರ್ತನೆಯನ್ನು ಓದಿ ನೋಡಿರಿ. ಅದರ ಮೊದಲ ಭಾಗ ದೇವರ ಅಚಲ ಪ್ರೀತಿಯನ್ನೂ ಸತ್ಯಸಂಧತೆಯನ್ನೂ ಕೊಂಡಾಡುತ್ತದೆ. ಕೊನೆಯ ಭಾಗ ಆ ಪ್ರೀತಿ ಈಗ ಎಲ್ಲಿ ಹೋಯಿತೆಂದು ನೇರವಾಗಿ ಪ್ರಶ್ನಿಸುತ್ತದೆ. ಎರಡನ್ನೂ ಒಂದೇ ಗೀತೆಯಲ್ಲಿ ಇಡಲು ಅವರು ಅಂಜಲಿಲ್ಲ. ಕ್ರಿಸ್ತಪೂರ್ವ 538ರಲ್ಲಿ ಪರ್ಷಿಯದ ಅರಸ ಕೋರೆಷನು ಮರಳಿ ಹೋಗಲು ಅಪ್ಪಣೆಯಿತ್ತನು. ಆದರೆ ಸುಮಾರು ಅರ್ಧ ಶತಮಾನದ ಆ ನಡುಗಾಲದಲ್ಲಿ ಪರದೇಶದಲ್ಲಿಯೇ ಕಣ್ಣುಮುಚ್ಚಿದವರು ಅನೇಕರು. ಅವರ ಪಾಲಿಗೆ ಉಳಿದುದು ಪ್ರಾರ್ಥನೆ ಮಾತ್ರ.

ಈಗ ನಮ್ಮ ನೆಲದತ್ತ ಬರೋಣ. ತಾಳಿಕೋಟೆಯ ಹೆಸರು ಲೋಕಕ್ಕೆ ಪರಿಚಿತವಾದುದು ಒಂದು ಯುದ್ಧದಿಂದ. 1564ರ ಕೊನೆಯಲ್ಲಿ ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ ಮತ್ತು ಬೀದರಿನ ಸುಲ್ತಾನರ ದಂಡುಗಳು ಈ ಬಯಲಿನಲ್ಲಿ ಕೂಡಿದವು. 1565ರ ಜನವರಿಯಲ್ಲಿ ಕೃಷ್ಣೆಯ ತೀರದ ರಕ್ಕಸಗಿ ತಂಗಡಗಿಯ ಆಸುಪಾಸಿನಲ್ಲಿ ಕದನ ನಡೆಯಿತು. ವಿಜಯನಗರದ ಅಳಿಯ ರಾಮರಾಯನು ರಣರಂಗದಲ್ಲಿಯೇ ಹತನಾದನು. ಬಳಿಕ ತಿಂಗಳುಗಟ್ಟಲೆ ನಡೆದ ಸೂರೆಯಲ್ಲಿ ಆ ಮಹಾನಗರ ಹಾಳುಬಿದ್ದಿತು. ಆದರೆ ಗೆದ್ದವರ ಕಥೆಯೇನು? ಬೀದರ್ 1619ರಲ್ಲಿ ಬಿಜಾಪುರಕ್ಕೆ ಸೇರಿತು. ಅಹಮದ್‌ನಗರ 1636ರಲ್ಲಿ ಅಳಿಯಿತು. ಬಿಜಾಪುರ 1686ರಲ್ಲಿಯೂ ಗೋಲ್ಕೊಂಡ 1687ರಲ್ಲಿಯೂ ಔರಂಗಜೇಬನ ಕೈಸೇರಿದವು. ಕುದುರೆ ಮತ್ತು ದಂಡಿನ ಮೇಲೆ ಭರವಸೆಯಿಡಬೇಡಿರೆಂದು ಇಪ್ಪತ್ತನೆಯ ಹಾಗೂ ಮೂವತ್ತಮೂರನೆಯ ಕೀರ್ತನೆಗಳು ಕೊಡುವ ಎಚ್ಚರಿಕೆಗೆ, ನೂರ ನಲವತ್ತಾರನೆಯದು ಅರಸರನ್ನು ಕುರಿತು ಹೇಳುವ ಮಾತಿಗೆ, ನಮ್ಮ ಊರಿನ ಚರಿತ್ರೆಯೇ ಸಾಕ್ಷಿಯಂತಿದೆ.

ಅರಸೊತ್ತಿಗೆಗಳು ಹೀಗೆ ಬಂದು ಹೋಗುತ್ತಿರುವಾಗ ಕೃಷ್ಣೆಯಾಚೆಯ ಮುದಗಲ್ಲಿನಲ್ಲಿ ಒಂದು ಸಣ್ಣ ಕ್ರೈಸ್ತ ಸಮುದಾಯವು ಉಳಿದುಕೊಂಡು ಬಂದಿತು. ಗೋವೆಯ ಕಡೆಯಿಂದ ಬಂದ ಧರ್ಮಪ್ರಚಾರಕರಿಂದ, ಬಿಜಾಪುರದ ಆದಿಲ್‌ಶಾಹಿ ಅರಸರ ಕಾಲದಲ್ಲಿ ನೆಲೆಗೊಂಡ ಸಮುದಾಯವದು. ಆ ಕೋಟೆಯ ಮೇಲೆ ಆದಿಲ್‌ಶಾಹಿಗಳ ಪತಾಕೆಯಿಳಿದು ಮೊಗಲರದು ಏರಿತು. ಮುಂದೆ ಹೈದರಾಬಾದಿನ ನಿಜಾಮರ ಆಳಿಕೆ ಬಂದಿತು. 1956ರಲ್ಲಿ ಆ ಸೀಮೆ ಕನ್ನಡನಾಡಿಗೆ ಸೇರಿತು. ಇಷ್ಟೆಲ್ಲ ಬದಲಾವಣೆಗಳ ನಡುವೆ ಆ ಜನರು ಶಿಲುಬೆಯ ಗುರುತನ್ನು ಬಿಡಲಿಲ್ಲ. ದೊಡ್ಡ ಚರಿತ್ರೆಯ ಪುಟಗಳಲ್ಲಿ ಅವರಿಗೆ ಒಂದೆರಡು ಸಾಲುಗಳು ಮಾತ್ರ ಮೀಸಲು. ದೇವರ ಪುಸ್ತಕದಲ್ಲಿ ಹಾಗಿರಲಾರದು.

ಯುದ್ಧಕ್ಕಿಂತ ಹೆಚ್ಚು ಜನರನ್ನು ಈ ಸೀಮೆಯಲ್ಲಿ ಬಲಿತೆಗೆದುಕೊಂಡುದು ಬರ. ಡೋಣಿ ನದಿಯ ಎರೆಭೂಮಿ ಎಷ್ಟು ಫಲವತ್ತೋ ಅಷ್ಟೇ ಮಳೆಗೆ ಅಧೀನ. ಡೋಣಿಸಾಲು ಬೆಳೆದರೆ ಉಂಡು ಮುಗಿಸುವವರಿಲ್ಲ, ಬೆಳೆಯದಿದ್ದರೆ ಉಣ್ಣಲಿಕ್ಕೇ ಇಲ್ಲ ಎಂಬರ್ಥದ ಮಾತನ್ನು ಹಿರಿಯರು ಆಡುತ್ತಿದ್ದರು. 1791-92ರಲ್ಲಿ ದಖ್ಖಣವನ್ನು ಕಾಡಿದ ಬರಕ್ಕೆ, ಬಯಲಿನಲ್ಲಿ ಹೂಳುವವರಿಲ್ಲದೆ ಬಿದ್ದ ತಲೆಬುರುಡೆಗಳಿಂದಾಗಿ ಬುರುಡೆಗಳ ಬರವೆಂದೇ ಹೆಸರಾಯಿತು. 1876ರಲ್ಲಿ ಮತ್ತೆ ಮಳೆ ಕೈಕೊಟ್ಟಿತು. ಅಂದು ಈ ಪ್ರದೇಶ ಕಲಾದಗಿ ಜಿಲ್ಲೆಯೆನಿಸಿತ್ತು. 1872ರ ಜನಗಣತಿಯಲ್ಲಿ ಎಂಟು ಲಕ್ಷವನ್ನು ಮೀರಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಒಂದು ಪಾಲು ಜನ ಸತ್ತರು, ಒಂದು ಪಾಲು ಗುಳೆ ಹೋದರು. 1877ರಲ್ಲಿ ಸರ್ಕಾರದ ಪರಿಹಾರ ಕಾಮಗಾರಿಗಳಲ್ಲಿ ಕಲ್ಲೊಡೆದು ಮಣ್ಣು ಹೊತ್ತ ಗಂಡಾಳಿಗೆ ಗೊತ್ತುಮಾಡಿದ ಕೂಲಿ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಒಂದಾಣೆ. ಒಂದು ಪೌಂಡೆಂದರೆ ಅರ್ಧ ಕಿಲೋಗ್ರಾಮಿಗೂ ಕಡಿಮೆ. ಆ ದುರಂತದ ಬಳಿಕವೇ ಬರ ಪರಿಹಾರದ ನಿಯಮಾವಳಿಗಳು ರೂಪುಗೊಂಡವು. 1880ರ ದಶಕದಲ್ಲಿ ಹೊಟಗಿಯಿಂದ ಬಿಜಾಪುರದ ಮೂಲಕ ಗದಗಕ್ಕೆ ರೈಲುಮಾರ್ಗ ಹಾಕಿದರು.

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ, ಅದನ್ನು ಮುಚ್ಚಿಡುವುದು ಸಲ್ಲದು. ಆ ಲಕ್ಷಗಟ್ಟಲೆ ಜನರ ವಿಷಯದಲ್ಲಿ ದೇವರ ನಿಷ್ಠೆ ಎಲ್ಲಿತ್ತು? ಬರ, ನೆರೆ, ಸಾಂಕ್ರಾಮಿಕ ರೋಗಗಳು ಬಂದಾಗಲೆಲ್ಲ ಇದು ಪಾಪದ ಶಿಕ್ಷೆಯೆಂದು ಸಾರುವವರು ಅಂದೂ ಇದ್ದರು, ಇಂದೂ ಇದ್ದಾರೆ. 2020ರ ಕೊರೋನಾ ಕಾಲದಲ್ಲಿ ದೇವಾಲಯಗಳ ಬಾಗಿಲು ಮುಚ್ಚಿದಾಗಲೂ ಇಂಥ ಮಾತುಗಳು ಕೇಳಿಬಂದವು. ನಾವು ಇದನ್ನು ಒಪ್ಪಲಾರೆವು. ಸಿಲೋವದ ಗೋಪುರ ಕುಸಿದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳೇನೂ ಆಗಿರಲಿಲ್ಲವೆಂದು ಪ್ರಭು ಯೇಸುವೇ ತಿಳಿಸಿದ್ದಾರೆ. ನಲವತ್ತನಾಲ್ಕನೆಯ ಕೀರ್ತನೆಯಲ್ಲಿ, ತಾವು ಒಡಂಬಡಿಕೆಗೆ ತಪ್ಪದಿದ್ದರೂ ಸೋತೆವೆಂದು ಜನ ದೇವರೊಡನೆ ವಾದಿಸುತ್ತಾರೆ. ಪವಿತ್ರ ಗ್ರಂಥ ಆ ವಾದವನ್ನು ಅಳಿಸಿಹಾಕಿಲ್ಲ. ಎಂಬತ್ತೆಂಟನೆಯ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಕೊನೆಗೊಂದು ಸಮಾಧಾನದ ಮಾತೂ ಇಲ್ಲ. ಆದರೂ ಧರ್ಮಸಭೆ ಅದನ್ನು ಪ್ರತಿ ಶುಕ್ರವಾರ ರಾತ್ರಿಯ ಪ್ರಾರ್ಥನೆಯಲ್ಲಿ ಗುರುಗಳ ಹಾಗೂ ಕನ್ಯಾಸ್ತ್ರೀಯರ ಬಾಯಲ್ಲಿ ಇಟ್ಟಿದೆ. ಅಂದು ಪ್ರಾರ್ಥಿಸುವವರಿಗೆ ಸ್ವಂತ ದುಃಖವಿಲ್ಲದಿದ್ದರೂ, ಎಲ್ಲಿಯೋ ದಿಕ್ಕಿಲ್ಲದೆ ಮಲಗಿರುವ ಒಬ್ಬರ ಪರವಾಗಿ ಆ ಮಾತುಗಳನ್ನು ಸಲ್ಲಿಸುತ್ತಾರೆ.

ಹಾಗಾದರೆ ಭರವಸೆ ಎಲ್ಲಿದೆ? ಕೀರ್ತನಕಾರರು ತೋರಿಸುವ ದಾರಿ ಸ್ಮರಣೆಯದು. ಎಪ್ಪತ್ತೇಳನೆಯ ಕೀರ್ತನೆಯ ಭಕ್ತನು ನಿದ್ದೆಯಿಲ್ಲದ ರಾತ್ರಿಯಲ್ಲಿ, ದೇವರು ಕರುಣೆಯನ್ನು ಮರೆತರೇ ಎಂದು ತಳಮಳಿಸುತ್ತಾನೆ. ಬಳಿಕ ಪೂರ್ವಿಕರನ್ನು ಸಮುದ್ರದ ನಡುವಿನಿಂದ ದಾಟಿಸಿದ ಕಾರ್ಯವನ್ನು ನೆನೆಯುತ್ತಾನೆ. ಅವನ ಸಂಕಟ ತೀರಿತೆಂದು ಗೀತೆ ಹೇಳುವುದಿಲ್ಲ. ಆದರೆ ಅವನ ಪ್ರಾರ್ಥನೆ ಈಗ ಒಂಟಿ ಮನುಷ್ಯನ ಪ್ರಾರ್ಥನೆಯಾಗಿ ಉಳಿದಿಲ್ಲ. ಒಂದು ಜನಾಂಗದ ನೆನಪು ಅವನ ಬೆನ್ನಿಗೆ ನಿಂತಿದೆ. ಪ್ರಭು ಯೇಸುಕ್ರಿಸ್ತರೂ ಶಿಲುಬೆಯ ಮೇಲೆ ಪ್ರಾರ್ಥಿಸಿದ್ದು ಇಪ್ಪತ್ತೆರಡನೆಯ ಮತ್ತು ಮೂವತ್ತೊಂದನೆಯ ಕೀರ್ತನೆಗಳ ಮಾತುಗಳಿಂದಲೇ. ಕೈಬಿಡಲ್ಪಟ್ಟವನ ಕೂಗನ್ನು ದೇವಪುತ್ರರೇ ತಮ್ಮದಾಗಿಸಿಕೊಂಡ ಮೇಲೆ ಆ ಕೂಗು ದೇವರಿಂದ ದೂರವಾದ ಕೂಗಾಗಿ ಉಳಿಯಲು ಸಾಧ್ಯವಿಲ್ಲ. ಪುನರುತ್ಥಾನದ ಬೆಳಗು ಆ ಕೂಗಿಗೆ ದೊರೆತ ಉತ್ತರ.

ಕನ್ನಡನಾಡಿನ ಕ್ರೈಸ್ತರ ಚರಿತ್ರೆಯಲ್ಲಿ ಇದಕ್ಕೊಂದು ದೊಡ್ಡ ನಿದರ್ಶನವುಂಟು. 1784ರ ತಪಸ್ಸುಕಾಲದ ಆರಂಭದ ಹೊತ್ತಿಗೆ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕಥೋಲಿಕರನ್ನು ಸಾವಿರಗಟ್ಟಲೆಯಾಗಿ ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಗುರುಗಳನ್ನು ನಾಡಿನಿಂದ ಹೊರಗೆ ಕಳುಹಿಸಲಾಯಿತು; ಮಂಗಳೂರಿನ ಮಿಲಾಗ್ರಿಸ್ ಸೇರಿದಂತೆ ಅನೇಕ ದೇವಾಲಯಗಳು ನೆಲಸಮವಾದವು. ದಾರಿಯಲ್ಲಿ, ಸೆರೆಯಲ್ಲಿ ಮಡಿದವರು ಬಹಳ. 1799ರಲ್ಲಿ ಬಿಡುಗಡೆಯಾಗುವವರೆಗಿನ ಹದಿನೈದು ವರ್ಷ ಪೂಜೆಯಿಲ್ಲದೆ, ಗುರುವಿಲ್ಲದೆ ಅವರು ಕಳೆಯಬೇಕಾಯಿತು. ಬದುಕುಳಿದವರು ಮರಳಿ ಬಂದು ತಮ್ಮ ದೇವಾಲಯಗಳನ್ನು ಪುನಃ ಕಟ್ಟಿದರು. ಮೈಸೂರು ಸೀಮೆಯಲ್ಲಿ ಚದುರಿದ ಭಕ್ತರನ್ನು ಕೂಡಿಸುವ ಹೊಣೆಯನ್ನು ಫ್ರೆಂಚ್ ಗುರು ಅಬ್ಬೆ ದುಬೊಯಿಸ್ ಹೊತ್ತರು. ಅವರು ಹಾಸನ ಸೀಮೆಯ ಸತ್ತಿಹಳ್ಳಿಯಲ್ಲಿ ದಿಕ್ಕಿಲ್ಲದವರನ್ನು ಬೇಸಾಯಕ್ಕೆ ನೆಲೆಗೊಳಿಸಿದರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ಜಾತಿಮತವೆಣಿಸದೆ ದುಡಿದರು. ಜನ ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು. ದೇವರ ನಿಷ್ಠೆ ಅನೇಕ ಸಲ ಇಂಥ ಮನುಷ್ಯರ ಕೈಗಳ ಮೂಲಕವೇ ನಮ್ಮನ್ನು ಮುಟ್ಟುತ್ತದೆ.

ಆದರೆ ಸ್ಮರಣೆಗೆ ಒಂದು ಅಪಾಯವೂ ಉಂಟು. ನೆನಪು ಭರವಸೆಯನ್ನು ಸಾಕುವಂತೆ ಹಗೆಯನ್ನೂ ಸಾಕಬಲ್ಲುದು. ನೂರ ಮೂವತ್ತೇಳನೆಯ ಕೀರ್ತನೆ ಬಾಬಿಲೋನಿನ ನದಿತೀರದ ಕಣ್ಣೀರಿನಿಂದ ಪ್ರಾರಂಭವಾಗಿ, ಶತ್ರುವಿನ ಹಸುಗೂಸುಗಳ ಮೇಲಿನ ಭಯಂಕರ ಪ್ರತೀಕಾರದ ಬಯಕೆಯಲ್ಲಿ ಕೊನೆಗೊಳ್ಳುತ್ತದೆ. 1971ರಲ್ಲಿ ಹೊರಬಂದ ಧರ್ಮಸಭೆಯ ಪರಿಷ್ಕೃತ ನಿತ್ಯಪ್ರಾರ್ಥನಾ ಗ್ರಂಥದಲ್ಲಿ ಆ ಕಡೆಯ ವಚನಗಳನ್ನೂ, ಶಾಪವೇ ತುಂಬಿದ ಮೂರು ಕೀರ್ತನೆಗಳನ್ನೂ ಸಾಮೂಹಿಕ ಪ್ರಾರ್ಥನೆಯಿಂದ ಬಿಡಲಾಗಿದೆ. ಪವಿತ್ರ ಗ್ರಂಥದಲ್ಲಿ ಅವು ಇನ್ನೂ ಇವೆ. ನೊಂದ ಹೃದಯದಲ್ಲಿ ಎಂಥ ಕೋಪ ಕುದಿಯುವುದೆಂದು ನಮಗೆ ತಿಳಿದಿರಬೇಕು. ಆದರೆ ಬಲಿಪೀಠದ ಮುಂದೆ ಅದನ್ನು ದೇವರ ಕೈಗೊಪ್ಪಿಸಿ ನಾವು ಬರಿಗೈಯಲ್ಲಿ ಏಳಬೇಕು. 1565ನ್ನಾಗಲಿ 1784ನ್ನಾಗಲಿ ಇಂದಿನ ನೆರೆಹೊರೆಯವರ ಮೇಲೆ ಸೇಡಿನ ಲೆಕ್ಕವಾಗಿ ಓದುವುದು ಕ್ರೈಸ್ತರಿಗೆ ತಕ್ಕುದಲ್ಲ. ಬರಗಾಲದಲ್ಲಿ ಹಸಿವು ಯಾರ ಮತವನ್ನೂ ಕೇಳಲಿಲ್ಲ. ಅಂಬಲಿಯನ್ನು ಹಂಚಿಕೊಂಡವರೂ ಕೇಳಲಿಲ್ಲ.

ನಮ್ಮ ಅಜ್ಜಿಯರು ಕೀರ್ತನೆಗಳನ್ನು ಓದಿದವರಲ್ಲ. ಪೂಜೆ ಲತೀನಿನಲ್ಲಿತ್ತು, ಹೆಚ್ಚಿನವರಿಗೆ ಅಕ್ಷರವೂ ಬಾರದು. ಆದರೂ ಅವರು ಕೀರ್ತನೆಗಳ ಪರಂಪರೆಯೊಳಗೇ ಇದ್ದರು. ಓದುಬಾರದ ಜನರು ನೂರೈವತ್ತು ಕೀರ್ತನೆಗಳ ಬದಲಿಗೆ ನೂರೈವತ್ತು ನಮೋ ಮರಿಯ ಪ್ರಾರ್ಥನೆಗಳನ್ನು ಸಲ್ಲಿಸಿದ್ದರಿಂದಲೇ ಜಪಸರಕ್ಕೆ ಮಾತೆ ಮರಿಯಮ್ಮನವರ ಕೀರ್ತನಾವಳಿ ಎಂಬ ಹೆಸರು ಬಂದಿತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ದೇಶಭಾಷೆಗಳಿಗೆ ಬಾಗಿಲು ತೆರೆದ ಮೇಲೆ ಕೀರ್ತನೆಗಳು ಕನ್ನಡದಲ್ಲಿ ನಮ್ಮ ಬಲಿಪೂಜೆಗೆ ಬಂದವು. ಮೊದಲ ವಾಚನದ ಬಳಿಕ ಪಲ್ಲವಿಯನ್ನು ಹೇಳುವಾಗ ನಮ್ಮಲ್ಲಿ ಎಷ್ಟು ಮಂದಿ ಅದನ್ನು ತಮ್ಮ ಪ್ರಾರ್ಥನೆಯನ್ನಾಗಿ ಮಾಡಿಕೊಳ್ಳುತ್ತಾರೆ? ಶತಮಾನೋತ್ಸವದ ಈ ವರ್ಷ ಪ್ರತಿಯೊಂದು ಮನೆಯಲ್ಲಿ ಸಂಜೆಯ ಜಪಸರದ ಜೊತೆಗೆ ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದುವ ರೂಢಿ ಬರಲೆಂದು ನಾವು ಆಶಿಸುತ್ತೇವೆ. ಸಾವಿನ ಮನೆಯಲ್ಲಿ ನೂರ ಮೂವತ್ತನೆಯದು, ಕಾಯಿಲೆಯವರ ಬಳಿ ಇಪ್ಪತ್ತಮೂರನೆಯದು, ದುಡಿಯಲು ಗೋವೆಗೋ ಪುಣೆಗೋ ಹೊರಟ ಮಕ್ಕಳನ್ನು ಕಳುಹಿಸುವಾಗ ನೂರ ಇಪ್ಪತ್ತೊಂದನೆಯದು ತಕ್ಕುದಾಗಿವೆ.

ರೈತಾಪಿ ಜನರಾದ ನಮಗೆ ನೂರ ಇಪ್ಪತ್ತಾರನೆಯ ಕೀರ್ತನೆ ವಿಶೇಷವಾಗಿ ಅರ್ಥವಾಗಬೇಕು. ಕಣ್ಣೀರಿಡುತ್ತ ಬೀಜ ಹೊತ್ತು ಹೊರಟವನು ಸಿವುಡುಗಳನ್ನು ಹೊತ್ತು ಹಾಡುತ್ತ ಮರಳುವ ಚಿತ್ರ ಅಲ್ಲಿದೆ. ಬಿತ್ತುವವನು ಅಳುವುದೇಕೆ? ಹಗೇವು ಬರಿದಾಗಿ, ಮನೆಯಲ್ಲಿ ಮಕ್ಕಳು ಹಸಿದಿರುವಾಗ, ಬೀಜಕ್ಕೆಂದು ತೆಗೆದಿಟ್ಟ ಜೋಳವನ್ನು ಮುಟ್ಟದೆ ಹೊಲಕ್ಕೆ ಒಯ್ಯುವ ಕಷ್ಟವನ್ನು ಬರಗಾಲ ಕಂಡ ಮನೆತನಗಳು ಬಲ್ಲವು. ಅದನ್ನು ಅಂದೇ ಬೀಸಿ ರೊಟ್ಟಿ ಮಾಡಿದ್ದರೆ ಒಂದು ವಾರದ ಹಸಿವು ನೀಗುತ್ತಿತ್ತು. ಕೂರಿಗೆಯ ಬಟ್ಟಲಿಗೆ ಸುರಿದವನು, ಬಾರದಿರುವ ಮಳೆಯನ್ನೂ ಕಾಣದಿರುವ ತೆನೆಯನ್ನೂ ನಂಬಿ ಸುರಿದನು. ಭರವಸೆಯೆಂದರೆ ಇದೇ. ಅವನು ಹಿಂಗಾರಿಯ ಎರೆಯಲ್ಲಿ ಬಿತ್ತಿದ್ದನ್ನು ಅವನ ಮಕ್ಕಳು ಉಂಡರು. ನೂರು ವರ್ಷಗಳ ಹಿಂದೆ ನಂಬಿಕೆಯನ್ನು ಬಿತ್ತಿದವರ ಫಲವನ್ನು ಇಂದು ನಾವು ಉಣ್ಣುತ್ತಿದ್ದೇವೆ. ನಮ್ಮ ಕಾಲದ ಬೀಜವನ್ನು ತಿಂದು ತೀರಿಸದೆ ಬಿತ್ತಿ ಹೋಗುವುದು ನಮ್ಮ ಸರದಿ.

ತಲತಲಾಂತರಗಳಿಂದ ತಮ್ಮ ಜನರಿಗೆ ಆಶ್ರಯವಾಗಿರುವ ಸರ್ವೇಶ್ವರನು ನಮ್ಮ ಧರ್ಮಕೇಂದ್ರವನ್ನು ಆಶೀರ್ವದಿಸಲಿ. ಬರದಲ್ಲಿ, ನೆರೆಯಲ್ಲಿ, ರೋಗದಲ್ಲಿ ಈ ಮಣ್ಣಿಗೆ ಸೇರಿದ ಎಲ್ಲ ಆತ್ಮಗಳಿಗೂ ನಿತ್ಯವಿಶ್ರಾಂತಿ ದೊರೆಯಲಿ. ಮುಂದಿನ ಶತಮಾನದ ಇರುಳುಗಳಲ್ಲಿಯೂ ಈ ದೇವಾಲಯದಿಂದ ಕೀರ್ತನೆಯ ದನಿ ನಿಲ್ಲದಿರಲಿ.